ಮಕ್ಕಳ ಅಕ್ಕೋರಿಗೂ ವಿಶ್ರಾಂತಿಯ ಹಕ್ಕಿದೆ



ಹಾವೇರಿ ತಾಲೂಕಿನ ಗುತ್ತಲದಂತಹ ಒಂದು ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿರಿ. ಫಜ್ರ್‌ನ ಅಝಾನಿಗೆ ಮೊದಲೇ ಅವರು ಎದ್ದಿರುತ್ತಾರೆ. ರೊಟ್ಟಿ ಬಡಿದು, ಪಲ್ಯ ಮಾಡಿ, ತಮ್ಮ ಮಕ್ಕಳನ್ನು ಶಾಲೆಗೆ ಅಣಿಗೊಳಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಲಗುಬಗೆಯಿಂದ ಬಂದು ಕೇಂದ್ರದ ಬಾಗಿಲು ತೆರೆಯುತ್ತಾರೆ. ಹೊಲದ ಕೂಲಿಗೆ ಹೊರಟ ತಾಯಂದಿರು ತಮ್ಮ ಕಂದಮ್ಮಗಳನ್ನು ಈ ಅಕ್ಕೋರ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ನಡೆಯುತ್ತಾರೆ. ಅಲ್ಲಿಂದ ಹಾಡು, ಕಥೆ, ಊಟ, ಮೂಗು ಒರೆಸುವುದು, ಜಗಳ ಬಿಡಿಸುವುದು. ಮಕ್ಕಳು ಹೋದ ಮೇಲೆ ದಾಖಲೆ ಬರೆಯುವುದು, ಮನೆ ಮನೆ ಭೇಟಿ. ಮನೆಗೆ ಮರಳಿದರೆ ಒಲೆ ಮತ್ತೆ ಕಾದಿರುತ್ತದೆ.

ಹೀಗಿರುವಾಗ ಒಂದು ದಿನ ನಾಲ್ಕು ವರ್ಷದ ಮಗುವೊಂದು ಹಾಲಿನ ಲೋಟವನ್ನು ಚೆಲ್ಲಿಬಿಡುತ್ತದೆ. ಅಕ್ಕೋರ ಕೈ ತಾನಾಗಿಯೇ ಮೇಲೇಳುತ್ತದೆ. ಏಟು ಬಿದ್ದ ಮೇಲೆಯೇ ಅವರಿಗೆ ಎಚ್ಚರವಾಗುತ್ತದೆ. ಅಂದು ರಾತ್ರಿ ಇಶಾ ನಮಾಝಿನ ಬಳಿಕ ಅವರು ಅಲ್ಲೇ ಕುಳಿತು ಅಳುತ್ತಾರೆ. ‘ನನ್ನ ಹೃದಯ ಇಷ್ಟೊಂದು ಕಠಿಣವಾದದ್ದು ಯಾವಾಗ? ನನ್ನ ಈಮಾನ್ ಬಲಹೀನವಾಯಿತೇ?’ ಎಂದು ತಮ್ಮನ್ನೇ ಪ್ರಶ್ನಿಸುತ್ತಾರೆ.

ಸಹೋದರಿಯರೇ, ಈ ಪ್ರಶ್ನೆ ನಿಮ್ಮದೂ ಆಗಿರಬಹುದು. ನೀವು ಅಂಗನವಾಡಿಯಲ್ಲಿರಬಹುದು, ಶಾಲೆಯ ಎಲ್‌ಕೆಜಿಯಲ್ಲಿ ಪಾಠ ಹೇಳುತ್ತಿರಬಹುದು, ಮದ್ರಸಾದಲ್ಲಿ ಪುಟಾಣಿಗಳಿಗೆ ಅಲಿಫ್ ಬಾ ಕಲಿಸುತ್ತಿರಬಹುದು. ಮಗುವನ್ನು ಹೊಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ತೌಬಾ ಇದೆ. ಮರುದಿನ ಆ ಮಗುವನ್ನು ಹತ್ತಿರ ಕರೆದು ಸಂತೈಸುವ ಹೊಣೆಯೂ ಇದೆ. ಆದರೆ ತಪ್ಪಿನ ಬೇರು ಎಲ್ಲಿದೆಯೆಂದು ಹುಡುಕದಿದ್ದರೆ ಅದು ನಾಳೆ ಮತ್ತೆ ಚಿಗುರುತ್ತದೆ. ಅನೇಕ ಸಲ ಆ ಬೇರು ಈಮಾನಿನ ಕೊರತೆಯಲ್ಲಿರುವುದಿಲ್ಲ, ಬಹುಕಾಲದ ದಣಿವಿನಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇಂತಹ ದಣಿವಿನ ಮೂರು ಲಕ್ಷಣಗಳನ್ನು ವಿವರಿಸಿತು. ಶಕ್ತಿಯೆಲ್ಲ ಬತ್ತಿಹೋದ ಅನುಭವ, ಮಾಡುವ ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ. ಇದೊಂದು ರೋಗವಲ್ಲ, ಕೆಲಸದ ಒತ್ತಡವು ದೀರ್ಘಕಾಲ ಪರಿಹಾರ ಕಾಣದೆ ಉಳಿದಾಗ ಬರುವ ಸ್ಥಿತಿ ಎಂದೂ ಅದು ಹೇಳಿತು.

ಒತ್ತಡವೇನು ಕಡಿಮೆಯೇ? 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ಹೆಜ್ಜೆ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆರೋಗ್ಯದ ತಿಳುವಳಿಕೆ ಎಂಬ ಆರು ಸೇವೆಗಳು ಅದರಲ್ಲಿವೆ. ಸಾಮಾನ್ಯವಾಗಿ 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರ. ಅಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. 2021ರಿಂದ ಮಗುವಿನ ತೂಕ, ಎತ್ತರ, ಹಾಜರಿಗಳನ್ನು ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ತುಂಬುವ ಕೆಲಸವೂ ಸೇರಿತು. ಇಷ್ಟಾದರೂ ಕೈಗೆ ಬರುವುದು ಸಂಬಳವಲ್ಲ, ‘ಗೌರವಧನ’. ಕೇಂದ್ರ ಸರಕಾರವು ಕಾರ್ಯಕರ್ತೆಯರಿಗೆ ಕೊಡುವ ತನ್ನ ಪಾಲನ್ನು 2018ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ ಏರಿಸಿತು. ಉಳಿದುದನ್ನು ರಾಜ್ಯ ಸೇರಿಸುತ್ತದೆ.

ಇಂತಹ ಹೊರೆ ಹೊತ್ತವರು ಒಂದು ಗಳಿಗೆ ಕುಳಿತರೆ ಸಾಕು, ಮನಸ್ಸು ಚುಚ್ಚುತ್ತದೆ. ‘ಸೇವೆ ಮಾಡುವವಳಿಗೆ ವಿಶ್ರಾಂತಿಯೇ? ದಣಿದಷ್ಟೂ ಪುಣ್ಯ ಹೆಚ್ಚಲ್ಲವೇ?’ ಈ ತಪ್ಪು ಕಲ್ಪನೆಯನ್ನು ಪ್ರವಾದಿವರ್ಯರ(ಸ) ಕಾಲದಲ್ಲೇ ತಿದ್ದಲಾಗಿದೆ.

ಹ. ಸಲ್ಮಾನ್ ಫಾರಿಸಿ(ರ) ಒಮ್ಮೆ ತಮ್ಮ ಧರ್ಮ ಸಹೋದರ ಹ. ಅಬೂದರ್ದಾ(ರ)ರ ಮನೆಗೆ ಹೋದರು. ಆ ಮನೆಯ ಗೃಹಿಣಿಯು ಹಳೆಯ ಉಡುಗೆಯಲ್ಲಿ, ತಮ್ಮ ಬಗ್ಗೆ ಯಾವ ಆಸ್ಥೆಯೂ ಇಲ್ಲದಂತಿದ್ದರು. ವಿಚಾರಿಸಿದಾಗ ಪತಿಗೆ ಲೋಕದ ಗೊಡವೆಯೇ ಇಲ್ಲವೆಂದು ತಿಳಿಯಿತು. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್. ಸಲ್ಮಾನ್(ರ) ಅಂದು ಅವರಿಂದ ಐಚ್ಛಿಕ ಉಪವಾಸವನ್ನು ಬಿಡಿಸಿ ತಮ್ಮ ಜೊತೆ ಊಟ ಮಾಡಿಸಿದರು. ರಾತ್ರಿ ಎದ್ದಾಗಲೆಲ್ಲ ಮಲಗಲು ಹೇಳಿದರು. ಕೊನೆಯ ಜಾವದಲ್ಲಿ ಇಬ್ಬರೂ ಜೊತೆಯಾಗಿ ನಮಾಝ್ ಮಾಡಿದರು. ಪ್ರಭುವಿಗೆ ಹಕ್ಕಿರುವಂತೆಯೇ ನಿಮ್ಮ ಜೀವಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನೂ ಸಲ್ಲಿಸಬೇಕು ಎಂದು ತಿಳಿಹೇಳಿದರು. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋದಾಗ ಅವರು ಸಲ್ಮಾನರ ಮಾತನ್ನೇ ಸತ್ಯವೆಂದರು.

ಇನ್ನೊಂದು ಘಟನೆ. ಮಸೀದಿಯ ಎರಡು ಕಂಬಗಳ ನಡುವೆ ಹಗ್ಗವೊಂದು ಕಟ್ಟಿರುವುದನ್ನು ಪ್ರವಾದಿವರ್ಯರು(ಸ) ಕಂಡರು. ಅದು ಹ. ಝೈನಬ್(ರ)ರದ್ದು, ನಮಾಝಿನಲ್ಲಿ ದಣಿದಾಗ ಅದನ್ನು ಹಿಡಿದು ನಿಲ್ಲುತ್ತಾರೆ ಎಂದು ಜೊತೆಯವರು ತಿಳಿಸಿದರು. ಪ್ರವಾದಿವರ್ಯರು(ಸ) ಅದನ್ನು ಬಿಚ್ಚಿಸಿದರು. ಉತ್ಸಾಹವಿರುವವರೆಗೆ ನಮಾಝ್ ಮಾಡಬೇಕು, ದಣಿದಾಗ ಕುಳಿತುಕೊಳ್ಳಬೇಕು ಎಂದು ಕಲಿಸಿದರು. ಆಲೋಚಿಸಿರಿ! ಅಲ್ಲಾಹನ ಮುಂದೆ ನಿಲ್ಲುವುದಕ್ಕೇ ಹಗ್ಗ ಹಿಡಿದು ದೇಹವನ್ನು ಎಳೆಯುವುದು ಬೇಡವೆಂದ ಮೇಲೆ, ನಾವು ಬೇರೆ ಕೆಲಸಗಳಿಗಾಗಿ ಎಷ್ಟೊಂದು ಹಗ್ಗಗಳನ್ನು ಹಿಡಿದು ನಿಂತಿದ್ದೇವೆ?

ಶರೀರವು ನಮ್ಮ ಸೊತ್ತಲ್ಲ, ಅಲ್ಲಾಹನ ಅಮಾನತ್ತು. ಅವನು ನಿದ್ರೆಯನ್ನು ವಿಶ್ರಾಂತಿಗಾಗಿ, ರಾತ್ರಿಯನ್ನು ಹೊದಿಕೆಯಾಗಿ, ಹಗಲನ್ನು ಜೀವನೋಪಾಯಕ್ಕಾಗಿ ಮಾಡಿರುವುದನ್ನು ಪವಿತ್ರ ಕುರ್‌ಆನ್ ‘ಅನ್ನಬಅ್’ ಅಧ್ಯಾಯದಲ್ಲಿ ನೆನಪಿಸುತ್ತದೆ. ಅಕ್ಕೋರ ವಿಷಯದಲ್ಲಂತೂ ಈ ಅಮಾನತ್ತಿನೊಂದಿಗೆ ಮಗುವಿನ ಹಕ್ಕೂ ಸೇರಿದೆ. ನಿದ್ದೆಗೆಟ್ಟ ಕಣ್ಣಿಗೆ ಮಗುವಿನ ತುಂಟತನವೆಲ್ಲ ಅಪರಾಧವಾಗಿ ಕಾಣುತ್ತದೆ. ನೀವು ನೆಮ್ಮದಿಯಿಂದಿದ್ದರೆ ಮಾತ್ರ ಮಗು ನಿಮ್ಮ ಮಡಿಲಲ್ಲಿ ನೆಮ್ಮದಿಯಿಂದಿರುತ್ತದೆ.

ಹಾಗಾದರೆ ಏನು ಮಾಡಬೇಕು? ಇಶಾದ ಬಳಿಕ ಅನಗತ್ಯ ಮಾತು, ಮೊಬೈಲು ಬಿಟ್ಟು ಬೇಗ ಮಲಗಿರಿ. ಮಕ್ಕಳಿಗೆ ಬಡಿಸಿದ ಮೇಲೆ ನೀವೂ ಕುಳಿತು ಉಣ್ಣಿರಿ. ನಿಂತಲ್ಲೇ ಎರಡು ತುತ್ತು ನುಂಗುವುದು ಊಟವಲ್ಲ. ಝುಹರ್ ನಮಾಝನ್ನು ಅವಸರದಲ್ಲಿ ಮುಗಿಸಬೇಡಿ, ಆ ಹತ್ತು ನಿಮಿಷಗಳು ನಿಮ್ಮದೇ. ಸಿಟ್ಟು ಬಂದಾಗ ನಿಂತವರು ಕುಳಿತುಕೊಳ್ಳಬೇಕೆಂಬುದು ಪ್ರವಾದಿವರ್ಯರ(ಸ) ಕಲಿಕೆ. ಮಗುವಿನ ಎದುರು ನೆಲದ ಮೇಲೆ ಕುಳಿತು ನೋಡಿರಿ, ಎತ್ತಿದ ಕೈ ಇಳಿಯುತ್ತದೆ. ಸಹಾಯ ಕೇಳಲು ನಾಚಬೇಡಿರಿ. ಹ. ಮೂಸಾ(ಅ) ಪ್ರವಾದಿತ್ವದ ಹೊರೆ ಹೊರುವಾಗ ತಮ್ಮ ಸಹೋದರ ಹಾರೂನ್(ಅ)ರನ್ನು ಜೊತೆಗೆ ಬೇಡಿಕೊಂಡರಲ್ಲವೇ? ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಬೇಸರವೆನಿಸಿದರೆ ವೈದ್ಯರನ್ನು ಕಾಣಿರಿ. 2022ರ ಅಕ್ಟೋಬರ್‌ನಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಚಿಕಿತ್ಸೆ ಪಡೆಯುವುದು ತವಕ್ಕುಲಿಗೆ ವಿರುದ್ಧವಲ್ಲ.

ಇನ್ನು ಮನೆಯ ಗಂಡಸರಿಗೆ ಒಂದು ಮಾತು. ಪತ್ನಿಯ ಗೌರವಧನ ಮನೆಖರ್ಚಿಗೆ ಬೇಕು, ಆಕೆಯ ದಣಿವು ಮಾತ್ರ ಆಕೆಗೇ ಇರಲಿ ಎನ್ನುವುದು ಯಾವ ನ್ಯಾಯ? ಮನೆಯಲ್ಲಿದ್ದಾಗ ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ತೊಡಗಿರುತ್ತಿದ್ದರು, ಅಝಾನ್ ಕೇಳಿದಾಗ ನಮಾಝಿಗೆ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಸಂಜೆ ನೀರು ತುಂಬಿಟ್ಟು, ಪಾತ್ರೆ ತೊಳೆದು, ಮಕ್ಕಳ ಅಭ್ಯಾಸ ನೋಡಿಕೊಂಡರೆ ನಿಮ್ಮ ಗೌರವ ಕುಗ್ಗುವುದಿಲ್ಲ, ಒಂದು ಸುನ್ನತ್ ಜೀವಂತವಾಗುತ್ತದೆ.

ಮಕ್ಕಳನ್ನು ಕಳುಹಿಸುವ ತಾಯಂದಿರೇ, ಹೊತ್ತಿಗೆ ಸರಿಯಾಗಿ ಮಗುವನ್ನು ಕರೆದೊಯ್ಯಿರಿ. ಆಹಾರದ ಪೊಟ್ಟಣ ತಡವಾದರೆ ಅಕ್ಕೋರ ಮೇಲೆ ರೇಗಬೇಡಿರಿ. ಜಮಾಅತಿನ ಹಿರಿಯರೇ, ಮದ್ರಸಾದ ಉಸ್ತಾದರಿಗೂ ಶಿಕ್ಷಕಿಯರಿಗೂ ರಜೆ ಮತ್ತು ಸಂಬಳ ಹೊತ್ತಿಗೆ ಸಿಗುತ್ತಿದೆಯೇ ಎಂದು ವಿಚಾರಿಸಿರಿ. ಕೈಕೆಳಗಿನವರ ಮೇಲೆ ಅವರ ಶಕ್ತಿಗೆ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ನೀವೂ ಹೆಗಲು ಕೊಡಬೇಕು ಎಂಬುದು ಪ್ರವಾದಿವರ್ಯರ(ಸ) ಆದೇಶ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರ್ಯಾಚುಟಿಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು ತೀರ್ಪಿತ್ತಿತು. ನ್ಯಾಯಾಲಯ ಗುರುತಿಸಿದ ದುಡಿಮೆಯನ್ನು ನಾವು ಗುರುತಿಸದಿದ್ದರೆ ಹೇಗೆ?

ಪ್ರವಾದಿವರ್ಯರು(ಸ) ನಮಾಝಿಗೆ ನೇತೃತ್ವ ಕೊಡುವಾಗ ಮಗುವಿನ ಅಳು ಕೇಳಿದರೆ, ಅದರ ತಾಯಿಯ ಸಂಕಟವನ್ನು ನೆನೆದು ನಮಾಝನ್ನು ಚಿಕ್ಕದಾಗಿಸುತ್ತಿದ್ದರು. ಅತ್ತದ್ದು ಮಗು, ಅವರು ಕನಿಕರಿಸಿದ್ದು ತಾಯಿಯ ಮೇಲೆ. ಮಗುವಿನ ಹಿಂದೆ ಒಂದು ಹೆಣ್ಣುಜೀವ ಬೇಯುತ್ತಿರುತ್ತದೆಂಬುದನ್ನು ಅವರು ಮರೆಯಲಿಲ್ಲ. ನಾವೂ ಮರೆಯದಿರೋಣ.

ಸಹೋದರಿ, ಇಂದು ರಾತ್ರಿ ಅಳುತ್ತ ಕೂರಬೇಡಿರಿ. ಎರಡು ರಕಅತ್ ನಮಾಝ್ ಮಾಡಿ, ಕ್ಷಮೆ ಬೇಡಿ, ನೆಮ್ಮದಿಯಿಂದ ಮಲಗಿರಿ. ಬೆಳಿಗ್ಗೆ ಆ ಮಗು ನಿಮಗಾಗಿ ಬಾಗಿಲಲ್ಲಿ ಕಾಯುತ್ತಿರುತ್ತದೆ. ಅಲ್ಲಾಹನು ನಿಮ್ಮ ದೇಹಕ್ಕೆ ಬಲವನ್ನೂ ಮನಸ್ಸಿಗೆ ಶಾಂತಿಯನ್ನೂ, ನಿಮ್ಮ ಸುತ್ತಲಿನವರ ಹೃದಯಕ್ಕೆ ಕರುಣೆಯನ್ನೂ ದಯಪಾಲಿಸಲಿ. ಆಮೀನ್.