ಮುಖದೂಷಿಕೆ

ನನಗೀಗ ನಲವತ್ತಾರು ವರ್ಷ. ಹದಿನೈದನೆಯ ವಯಸ್ಸಿನಲ್ಲಿ ಬಂದ ಮೊಡವೆ ಇನ್ನೂ ಹೋಗಿಲ್ಲ. "ಪ್ರಾಯದ ಮೊಡವೆ ಕಣೇ, ಪ್ರಾಯ ಕಳೆದರೆ ತಾನೇ ಹೋಗುತ್ತೆ" ಎಂದು ನಮ್ಮ ದೊಡ್ಡಮ್ಮ ಸಮಾಧಾನ ಹೇಳುತ್ತಿದ್ದರು. ದೊಡ್ಡಮ್ಮ ಹೋದರು, ಪ್ರಾಯವೂ ಹೋಯಿತು. ಮೊಡವೆ ಮಾತ್ರ ಬಾಡಿಗೆಯವರ ಹಾಗೆ ಬಂದು ಮನೆಯವರ ಹಾಗೆ ಉಳಿದುಕೊಂಡಿತು. ತಲೆಯಲ್ಲಿ ನರೆ, ಗಲ್ಲದಲ್ಲಿ ಮೊಡವೆ; ಒಂದೇ ಮುಖದಲ್ಲಿ ಎರಡು ಆಶ್ರಮಗಳು.

ಇದೂ ಒಂದು ಬರೆಯುವ ವಿಷಯವೇ ಎಂದು ಓದುಗರು ಕೇಳಬಹುದು. ಸುಶ್ರುತ ಸಂಹಿತೆಯಲ್ಲಿ ಇದಕ್ಕೊಂದು ಸ್ಥಾನವಿದೆ. ಹೆಸರು 'ಮುಖದೂಷಿಕೆ', ಮುಖವನ್ನು ಕೆಡಿಸುವಂಥದು. ಬೂರುಗದ ಮರದ ಮುಳ್ಳಿನಂತಿರುವ ಗುಳ್ಳೆಗಳೆಂದು ವರ್ಣನೆ. ಬೂರುಗದ ಕಾಂಡವನ್ನು ಕಂಡವರಿಗೆ ಆ ಹೋಲಿಕೆ ಎಷ್ಟು ನಿಷ್ಠುರ, ಎಷ್ಟು ಸರಿ ಎಂದು ಗೊತ್ತು. ಬರುವುದು ತರುಣರ ಮುಖದಲ್ಲಿ ಎನ್ನುವಲ್ಲಿ ಸುಶ್ರುತನೂ ದೊಡ್ಡಮ್ಮನ ಪಕ್ಷವೇ. ಇದನ್ನು ಸೇರಿಸಿರುವುದು ಕ್ಷುದ್ರರೋಗಗಳ ಪಟ್ಟಿಗೆ. ರೋಗ ಕ್ಷುದ್ರವಾದರೆ ಅದಕ್ಕಾಗಿ ಕೊರಗುವವರೂ ಕ್ಷುದ್ರರೇ ಎಂದು ನಾನು ಬಹಳ ವರ್ಷ ನನ್ನ ಮೇಲೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಆ ತೀರ್ಪು ನ್ಯಾಯವೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಜ್ವರ ಬಂದವರನ್ನು "ಹೇಗಿದ್ದೀರಿ?" ಎಂದು ಕೇಳುತ್ತಾರೆ. ಮೊಡವೆಯವರನ್ನು ಕೇಳುವುದು "ಏನು ತಿಂದಿರಿ?" ಎಂದು. ಕಡಲೆಕಾಯಿ ತಿಂದಿರಬೇಕು, ಮಾವಿನಹಣ್ಣು ಉಷ್ಣ, ಮುಖ ಸರಿಯಾಗಿ ತೊಳೆಯುವುದಿಲ್ಲ, ರಾತ್ರಿ ನಿದ್ದೆಗೆಡುತ್ತೀರಿ. ಪ್ರತಿಯೊಂದು ಸಲಹೆಯ ಒಳಗೂ ಒಂದು ಆರೋಪಣೆ ಕೂತಿರುತ್ತದೆ. ಚರ್ಮದ ಮೇಲೆ ಬರೆದದ್ದು ನಡತೆಯ ಲೆಕ್ಕವೇ ಎಂಬಂತೆ ಜನ ಓದುತ್ತಾರೆ. ನಿಜವಾಗಿ ಆಗುವುದು ಬೇರೆ. ಶರೀರದ ಹಾರ್ಮೋನುಗಳ ಪ್ರೇರಣೆಯಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಕೂದಲಿನ ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಒಂದು ಬ್ಯಾಕ್ಟೀರಿಯ ಅಲ್ಲಿ ಬೆಳೆಯುತ್ತದೆ, ಊತ ಬರುತ್ತದೆ. ತಾಯಿತಂದೆಗಳಿಂದ ಬಂದ ಪಾಲು ಇದರಲ್ಲಿ ದೊಡ್ಡದು. ಹೆಂಗಸರಲ್ಲಿ ಇಪ್ಪತ್ತೈದು ದಾಟಿದ ಮೇಲೂ ಇದು ಮುಂದುವರಿಯುವುದು ಅಪರೂಪವೇನಲ್ಲ. ಸಕ್ಕರೆ, ಮೈದಾ ಹೆಚ್ಚಾದರೆ ಕೆಲವರಲ್ಲಿ ಕೆರಳುವುದುಂಟು. ಆಹಾರ ಪೂರ್ತಿ ನಿರಪರಾಧಿಯಲ್ಲ. ಆದರೆ ಆ ಕಪ್ಪು ಚುಕ್ಕೆಗಳಿವೆಯಲ್ಲ, ಅವು ಕೊಳೆಯಲ್ಲ. ರಂಧ್ರದ ಬಾಯಲ್ಲಿ ಗಾಳಿಗೆ ತೆರೆದುಕೊಂಡು ಕಪ್ಪಾದ ಜಿಡ್ಡು ಮತ್ತು ಚರ್ಮದ್ದೇ ಬಣ್ಣ. ಕೊಳೆಯೆಂದು ನಂಬಿ ನಾನು ದಿನಕ್ಕೆ ಆರು ಸಲ ಸೋಪು ಹಾಕಿ ಉಜ್ಜಿ, ಇದ್ದದ್ದನ್ನೂ ಕೆಡಿಸಿಕೊಂಡ ಕಾಲವಿತ್ತು.

ನನ್ನ ಕಷ್ಟಕ್ಕೆ ನನ್ನ ವೃತ್ತಿಯೂ ಸೇರಿಕೊಂಡಿತು. ಅಲಂಕಾರದ ಪಾಠದಲ್ಲಿ ವ್ಯತಿರೇಕ ಬಂದಾಗ, ಚಂದ್ರನಿಗಾದರೂ ಕಲೆಯಿದೆ, ಈಕೆಯ ಮುಖಕ್ಕೆ ಅದೂ ಇಲ್ಲ ಎಂಬ ಬಗೆಯ ಉದಾಹರಣೆಯನ್ನು ಬಿಡುವ ಹಾಗಿಲ್ಲ. ಅದನ್ನು ವಿವರಿಸುವಾಗ ಹಿಂದಿನ ಬೆಂಚಿನಲ್ಲಿ ಯಾರು ನಕ್ಕರೂ ನನಗೇ ನಕ್ಕಂತೆ ಕೇಳುತ್ತಿತ್ತು. ಮರುಗಂಟೆಯಲ್ಲಿ ಅಕ್ಕಮಹಾದೇವಿಯ ವಚನ. ದೇಹದ ಅಭಿಮಾನವನ್ನು ಕಳಚಿ ಎಸೆದವಳ ಮಾತನ್ನು ಕೆನ್ನೆಗೆ ಪೌಡರು ಬಳಿದುಕೊಂಡು ಹೇಳುವುದು! ವಚನ ಕಲಿಸುವವಳು ಮೊಡವೆಗೆ ವೈದ್ಯರನ್ನು ಕಂಡಳೆಂದರೆ ಜನ ಏನೆಂದಾರು? ಹಾಗಾಗಿ ವೈದ್ಯರ ಬಳಿ ಹೋಗಲಿಲ್ಲ. ಪರಿಚಯದವರಿಲ್ಲದ ಬೀದಿಯ ಔಷಧಿ ಅಂಗಡಿಯೊಂದಕ್ಕೆ ಕತ್ತಲಾದ ಮೇಲೆ ಹೋದೆ. ಕೇಳಿದ ತಕ್ಷಣ ಒಂದು ಸಣ್ಣ ಟ್ಯೂಬು ಕೊಟ್ಟರು.

ಎರಡು ವಾರದಲ್ಲಿ ಮುಖ ನುಣುಪಾಯಿತು. ಸಹೋದ್ಯೋಗಿಗಳು ಹೊಗಳಿದರು. ಬಿಟ್ಟರೆ ದುಪ್ಪಟ್ಟಾಗಿ ಮರಳುತ್ತಿತ್ತು, ಮತ್ತೆ ಹಚ್ಚುತ್ತಿದ್ದೆ. ಹೀಗೆ ಒಂದೂವರೆ ವರ್ಷ. ಕಡೆಗೆ ಬಿಸಿಲಿಗೆ ಹೋದರೆ ಮುಖ ಉರಿಯುವಂತಾಗಿ, ವಿಧಿಯಿಲ್ಲದೆ ಚರ್ಮವೈದ್ಯರನ್ನು ಕಂಡೆ. ಅವರು ಮೊದಲು ಕೇಳಿದ್ದೇ "ಏನು ಹಚ್ಚುತ್ತಿದ್ದೀರಿ?" ಎಂದು. "ಏನೂ ಇಲ್ಲ" ಎಂದೆ. ಅವರು ಸುಮ್ಮನೆ ನೋಡುತ್ತಾ ಕೂತರು. ನಾನು ಚೀಲದಿಂದ ಟ್ಯೂಬು ತೆಗೆದು ಮೇಜಿನ ಮೇಲಿಟ್ಟೆ. ಅದರಲ್ಲಿದ್ದುದು ಸ್ಟಿರಾಯ್ಡ್. ಊತವನ್ನು ಅಡಗಿಸಿ, ಚರ್ಮವನ್ನು ತೆಳುಮಾಡಿ, ತಾನೇ ಹೊಸ ಮೊಡವೆಯನ್ನು ಎಬ್ಬಿಸುವಂಥದು. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆಯಂತೆ. ಅಂಗಡಿಯವರ ತಪ್ಪು ದೊಡ್ಡದೇ; ಆದರೆ ಕತ್ತಲಲ್ಲಿ ಹೋದವಳು ನಾನು. ಮುಖದ ಬಗ್ಗೆ ಚಿಂತಿಸುವುದೇ ಪಾಪವೆಂದು ಬಗೆದಿರದಿದ್ದರೆ ಹಗಲಿನಲ್ಲೇ ವೈದ್ಯರ ಮನೆಗೆ ಹೋಗುತ್ತಿದ್ದೆ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಹೋದ ವರ್ಷ ನಮ್ಮ ಎರಡನೆಯ ಬಿ.ಎ. ತರಗತಿಯ ಒಬ್ಬ ಹುಡುಗಿ, ಗಮಕದಲ್ಲಿ ಒಳ್ಳೆಯ ಕಂಠದವಳು, ಸ್ಪರ್ಧೆಯಿಂದ ಹೆಸರು ಹಿಂದಕ್ಕೆ ತೆಗೆದುಕೊಂಡಳು. ಗಂಟಲು ನೋವೆಂದಳು. ಒತ್ತಾಯಿಸಿದಾಗ ನಿಜ ಬಂತು: ಎಲ್ಲರೂ ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆಯುತ್ತಾರೆ, ಮುಖ ನೋಡಿ ಏನೇನೋ ಬರೆಯುತ್ತಾರೆ. "ಮುಖದಲ್ಲೇನಿದೆಯಮ್ಮಾ, ಕಂಠ ಮುಖ್ಯ" ಎಂದೆ. ಅವಳು ತಲೆಯೆತ್ತಿ ನನ್ನ ಕೆನ್ನೆಯನ್ನು ನೋಡಿದಳು. ಪೌಡರು ಅಲ್ಲೇ ಇತ್ತು. "ಸರಿ ಮೇಡಂ" ಎಂದು ಹೊರಟುಹೋದಳು.

ಆ 'ಸರಿ' ನನ್ನನ್ನು ಬಹಳ ದಿನ ಬಿಡಲಿಲ್ಲ. ಇಸ್ತ್ರಿ ಮಾಡಿದ ಸೀರೆಯುಟ್ಟು ತರಗತಿಗೆ ಹೋದರೆ ಅದು ಸಭ್ಯತೆ. ಮುಖದ ಗುಳ್ಳೆಗೆ ಮದ್ದು ಹಚ್ಚಿದರೆ ಮಾತ್ರ ವ್ಯಾಮೋಹವೆ? ನಮ್ಮ ಮುಖವನ್ನು ನಾವು ನೇರವಾಗಿ ಎಂದೂ ಕಾಣೆವು; ಅದು ಎದುರಿನವರಿಗೆ ಕೊಟ್ಟಿರುವುದು. ಅವರು ಅದನ್ನು ಹೇಗೆ ನೋಡುತ್ತಾರೆಂಬ ಚಿಂತೆ ಅಷ್ಟೊಂದು ಹೀನವೆಂದು ನನಗೀಗ ಅನಿಸುವುದಿಲ್ಲ. ವ್ಯಾಮೋಹವೆಂಬುದು ಇಲ್ಲವೆಂದಲ್ಲ. ಒಂದು ಸಂಜೆ ಕನ್ನಡಿಯ ಮುಂದೆ ನಿಂತಿದ್ದಾಗ ಮಗ ಬಂದು ಜ್ವರವೆಂದು ಎರಡು ಸಲ ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ನಾಚಿಕೆ ನ್ಯಾಯವಾದದ್ದು. ಆದರೆ ಆ ಹುಡುಗಿಗೆ ನಾನು ಉಪದೇಶಿಸಿದ್ದು ವೈರಾಗ್ಯವಲ್ಲ. ಅಕ್ಕ ಬಿಟ್ಟದ್ದು ತನ್ನದನ್ನು. ನಾನು ಬಿಡು ಎಂದದ್ದು ಇನ್ನೊಬ್ಬಳದನ್ನು. ನನ್ನದನ್ನು ನಾನು ಪೌಡರಿನ ಕೆಳಗೆ ಭದ್ರವಾಗಿ ಇಟ್ಟುಕೊಂಡಿದ್ದೆ.

ಮತ್ತೆ ಕರೆಸಿದೆ. ಟ್ಯೂಬಿನ ಕಥೆಯನ್ನು ಮೊದಲಿಂದ ಹೇಳಿದೆ, ಅಂಗಡಿಯ ಔಷಧಿ ಬೇಡವೆಂದೆ, ವೈದ್ಯರ ವಿಳಾಸ ಕೊಟ್ಟೆ. ಸರಿಯಾದ ಮದ್ದಿಗೂ ಎರಡು ಮೂರು ತಿಂಗಳು ಬೇಕು, ಮೊದಲ ವಾರಗಳಲ್ಲಿ ಹೆಚ್ಚಾದಂತೆಯೂ ಕಾಣಬಹುದು, ಹೆದರಬೇಡ ಎಂದೆ.

"ಪೂರ್ತಿ ಹೋಗುತ್ತಾ ಮೇಡಂ?"

"ನನ್ನದು ಹೋಗಿಲ್ಲ. ಕಡಿಮೆಯಾಗಿದೆ."

"ನಿಮಗೆ ಬೇಜಾರಾಗುತ್ತಾ?"

"ಆಗುತ್ತೆ."

ಅವಳು ನಕ್ಕಳು, ನನ್ನೆದುರು ಅವಳು ನಕ್ಕದ್ದು ಅದೇ ಮೊದಲು. ಸ್ಪರ್ಧೆ ಅಷ್ಟರಲ್ಲಿ ಮುಗಿದುಹೋಗಿತ್ತು. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಪೌಡರಿನ ಡಬ್ಬಿ ಅಭ್ಯಾಸದಂತೆ ಕೈಗೆ ಬಂತು. ಹಚ್ಚಿಕೊಂಡೇ ಹೋದೆ, ಕೊಂಚ ಕಡಿಮೆ.