ಹೊಟ್ಟೆಯೊಳಗಿನದನ್ನು ಕಂಡವರಾರು?

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸಂತೆಗಳಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ಮರಾಠಿಯಲ್ಲಿ ಮುಗಿಯುತ್ತದೆ. ಕಾಗವಾಡದವರ ಬೀಗರು ಮಿರಜದಲ್ಲಿರುತ್ತಾರೆ, ನಿಪ್ಪಾಣಿಯವರು ದವಾಖಾನೆಗೆಂದು ಕೊಲ್ಹಾಪುರಕ್ಕೆ ಹೋಗುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಭಕ್ತರು ಹಿಂಡುಹಿಂಡಾಗಿ ಬರುತ್ತಾರೆ. ಇಷ್ಟೆಲ್ಲ ಬಳಕೆಯಿದ್ದರೂ ಗಡಿಯ ಗದ್ದಲ ಎದ್ದ ವಾರ ಚಹಾದಂಗಡಿಯಲ್ಲಿ ದನಿ ತಗ್ಗುತ್ತದೆ: ‘ಮ್ಯಾಲೆ ನಕ್ಕೋತ ಮಾತಾಡ್ತಾನ, ಹೊಟ್ಟಿಯೊಳಗ ಬ್ಯಾರೆ ಐತಿ.’

ಇದು ಕ್ರೂರವಾದ ಮಾತು. ಕಳ್ಳತನದ ಆರೋಪ ಹೊತ್ತವನು ಆ ಹೊತ್ತಿಗೆ ತಾನೆಲ್ಲಿದ್ದೆ ಎಂದಾದರೂ ಹೇಳಬಹುದು. ನಿನ್ನ ಮನಸ್ಸಿನಲ್ಲಿ ನಮ್ಮ ಮೇಲೆ ದ್ವೇಷವಿದೆ ಎಂದರೆ ಅವನು ಏನು ತೋರಿಸಬೇಕು? ಇಲ್ಲ ಎಂದರೆ ಮುಚ್ಚಿಡುತ್ತಾನೆ ಅನ್ನುತ್ತಾರೆ, ಸುಮ್ಮನಿದ್ದರೆ ಒಪ್ಪಿಕೊಂಡ ಅನ್ನುತ್ತಾರೆ. ಸಂಶಯ ಎಷ್ಟೇ ಬಲವಾಗಿರಲಿ, ಅದು ಸಾಕ್ಷ್ಯದ ಜಾಗಕ್ಕೆ ಬರಲಾರದು ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ನೆರೆಯವನಿಗೆ ನಾವು ಅಷ್ಟು ನ್ಯಾಯವನ್ನೂ ಕೊಡುವುದಿಲ್ಲ.

2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಕನ್ನಡ–ಮರಾಠಿಯ ಮಾತಿಗೆ ಮಾತು ಬೆಳೆದು ಬಸ್ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾಯಿತು. ಅದು ಕಣ್ಣೆದುರು ನಡೆದ ಕೃತ್ಯ. ಮಾಡಿದವರನ್ನು ಹಿಡಿದು ಕೇಳಲೇಬೇಕು. ಆದರೆ ಅದರ ಬೆನ್ನಲ್ಲೇ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಸರ್ಕಾರಿ ಬಸ್ ತಡೆದು ಚಾಲಕರ ಮುಖಕ್ಕೆ ಮಸಿ ಬಳಿದರು. ಬೆಳಗಾವಿಯ ಹಲ್ಲೆಗೂ ಆ ಚಾಲಕರಿಗೂ ಏನು ಸಂಬಂಧ? ಬಸ್ಸಿನ ನಂಬರ್ ಪ್ಲೇಟ್ ನೋಡಿ ಅವರ ಮನಸ್ಸನ್ನು ಓದಿಬಿಟ್ಟರು. ಎರಡೂ ರಾಜ್ಯಗಳ ನಡುವೆ ಬಸ್ ಸಂಚಾರ ನಿಂತಿತು. ಬಿಸಿ ತಟ್ಟಿದ್ದು ದಿನಾ ಗಡಿ ದಾಟಿ ಬದುಕುವವರಿಗೆ.

ಸಂಶಯದ ಬೇರು ಹಳೆಯದು, ನಿಜ. 1967ರಲ್ಲಿ ಮಹಾಜನ ಆಯೋಗ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಭಾಗಗಳನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತು. ಬೆಳಗಾವಿ ತನಗೆ ಸಿಗಲಿಲ್ಲವೆಂದು ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆದರೆ ದಾವೆ ಇರುವುದು ರಾಜ್ಯ ರಾಜ್ಯಗಳ ನಡುವೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿ ಅದರಲ್ಲಿ ಕಕ್ಷಿದಾರಳಲ್ಲ.

ಅದೇ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಹುಟ್ಟಿದ ಪ್ರಾಕೃತ ವಿದ್ವಾಂಸ ಆ.ನೇ. ಉಪಾಧ್ಯೆ. ಅವರು ಮೂರು ದಶಕ ಪಾಠ ಹೇಳಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. ಅನ್ನದ ಊರು ನೋಡಿ ಅಂತರಂಗ ಅಳೆಯುವುದಾಗಿದ್ದರೆ ಕನ್ನಡಕ್ಕೆ ಆ ಅಧ್ಯಕ್ಷರು ಸಿಗುತ್ತಿರಲಿಲ್ಲ.

ಹಾಗೆಂದು ಪೂರ್ವಗ್ರಹವೇ ಇಲ್ಲ, ಎಲ್ಲ ಬರೀ ಕಲ್ಪನೆ ಎಂದು ನಾನು ಹೇಳಲಾರೆ. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದರು. ಅಂದಿನ ಅಸ್ಪೃಶ್ಯತೆಗೆ ಯಾರ ಹೊಟ್ಟೆಯನ್ನೂ ಬಗೆದು ನೋಡಬೇಕಿರಲಿಲ್ಲ. ನೀರು ಮುಟ್ಟಗೊಡದ ಕೆರೆ ಬಾವಿಗಳು, ಒಳಗೆ ಬಿಡದ ಗುಡಿಯ ಬಾಗಿಲುಗಳು ಎದುರಿಗೇ ಇದ್ದವು. ಮುಂದೆ 1927ರಲ್ಲಿ ಅವರು ಮಹಾಡದ ಕೆರೆಗಿಳಿದು ನೀರು ಕುಡಿದರು. ಅವರು ಹಿಡಿದದ್ದು ಜನರ ನಡೆಯನ್ನು. ಅದಕ್ಕೇ ಆ ಆರೋಪಕ್ಕೆ ಅಷ್ಟು ತೂಕ. ಕಂಡ ಕಂಡವರ ಮೇಲೆಲ್ಲ ಅಂಥ ಮಾತು ಎಸೆಯುತ್ತಾ ಹೋದರೆ, ನಿಜವಾಗಿ ನೊಂದವನು ಬಾಯಿ ತೆರೆದಾಗ ಅವನನ್ನೂ ಯಾರೂ ನಂಬುವುದಿಲ್ಲ. ನನ್ನ ಕಳವಳವೆಲ್ಲ ಇದೇ.

ಭಾಷೆಯ ವಿಷಯದಲ್ಲೂ ಅನ್ಯಾಯವನ್ನು ಅಳೆಯಲು ಬರುತ್ತದೆ. ಒಂದು ಪ್ರದೇಶದಲ್ಲಿ ಶೇ 15ರಷ್ಟು ಜನರ ಭಾಷೆ ಬೇರೆಯಾಗಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಇರಬೇಕೆಂಬ ಒಪ್ಪಂದ ರಾಜ್ಯಗಳ ನಡುವೆ ಇದೆ. ಮಗುವಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಿ ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ನಿಪ್ಪಾಣಿಯ ಮರಾಠಿ ಮಗುವಿಗೆ ಅದು ತಪ್ಪಿತೇ? ಜತ್ತದ ಕನ್ನಡ ಶಾಲೆಗೆ ಮೇಷ್ಟ್ರು ಬರಲಿಲ್ಲವೇ? ಹಾಜರಿ ಪುಸ್ತಕ ತೆಗೆಸಿ, ಅರ್ಜಿ ಕೊಟ್ಟ ತಾರೀಖು ತೋರಿಸಿ, ತಡೆದ ಅಧಿಕಾರಿಯನ್ನು ಹೆಸರು ಹಿಡಿದು ಕೇಳಿ. ಆ ಜಗಳಕ್ಕೆ ನಾನೂ ನಿಮ್ಮ ಜೊತೆ ಬರುತ್ತೇನೆ.