ಕಾಯಕದಲ್ಲಿ ತಾಳ್ಮೆ

ಸಂಸಾರಿಯಾದವನಿಗೆ ದುಃಖವು ಎರಡು ಬಗೆಯಾಗಿ ಬರುವುದು. ಒಂದು ಬೆಟ್ಟದಂತಹದು, ಮತ್ತೊಂದು ಹರಳಿನಂತಹದು. ರೋಗ, ಮರಣ, ಬೆಳೆನಾಶ ಮೊದಲಾದ ಬೆಟ್ಟದಂತಹ ದುಃಖ ಬಂದೊದಗಿದಾಗ ಮನುಷ್ಯನು ಹೇಗೋ ಧೈರ್ಯ ತಂದುಕೊಳ್ಳುವನು. ನೆರೆಹೊರೆಯವರು ಬಂದು ಸಂತೈಸುವರು. ಗುರುಹಿರಿಯರು ಹಿತವನ್ನು ಹೇಳುವರು. ಆದರೆ ಕೆರದೊಳಗೆ ಸೇರಿದ ಹರಳಿನಂತಹ ಕಿರುಕುಳಕ್ಕೆ ಸಂತೈಸುವವರಾರೂ ಇಲ್ಲ. ಬೆಟ್ಟವನ್ನು ಏರಿಳಿದ ಧೀರನೂ ಹರಳಿಗೆ ಕುಂಟುವುದುಂಟು. ಆದುದರಿಂದ ಸದ್ಭಕ್ತನ ತಾಳ್ಮೆಗೆ ನಿಜವಾದ ಒರೆಗಲ್ಲು ದಿನನಿತ್ಯದ ಕೆಲಸವೇ ಆಗಿದೆ.

ಇಂದಿನ ಕಾಲದಲ್ಲಿ ಈ ಹರಳು ಗಣಕಯಂತ್ರದ ರೂಪದಲ್ಲಿ ಬಹುಜನರ ಕಾಲಿಗೆ ಚುಚ್ಚುತ್ತಿದೆ. ಒಬ್ಬ ಗೃಹಸ್ಥನು ತನ್ನ ಊರಿನ ಸಹಕಾರಿ ಸಂಘದ ವಾರ್ಷಿಕ ವರದಿಯನ್ನು ಎರಡು ರಾತ್ರಿ ಕುಳಿತು ಮನೆಯ ಹಳೆಯ ಗಣಕಯಂತ್ರದಲ್ಲಿ ಕನ್ನಡದಲ್ಲಿ ಸಿದ್ಧಪಡಿಸಿದನೆಂದು ಭಾವಿಸಬಹುದು. ಮರುದಿನ ಅದನ್ನು ಪೆನ್ ಡ್ರೈವಿನಲ್ಲಿ ಮುದ್ರಣಾಲಯಕ್ಕೆ ಒಯ್ದು ತೆರೆಸಿದರೆ ಅಲ್ಲಿ ಒಂದಾದರೂ ಕನ್ನಡದ ಅಕ್ಷರವಿಲ್ಲ! ಇಂಗ್ಲಿಷ್ ಅಕ್ಷರಗಳು, ಚುಕ್ಕಿಗಳು, ಅರ್ಥವಾಗದ ಗುರುತುಗಳು ಜಾತ್ರೆಯ ಜನದಂತೆ ಒತ್ತೊತ್ತಾಗಿ ನಿಂತಿರುವುವು. ಆತನು ಮೊದಲು ಯಂತ್ರವನ್ನು ಬಯ್ಯುವನು. ಅನಂತರ ಅದರ ಮುಂದೆ ಕುಳಿತ ಹುಡುಗನನ್ನು ಗದರಿಸುವನು. ಸಂಜೆ ಮನೆಗೆ ಬಂದು ಸಾರಿಗೆ ಉಪ್ಪು ಸಾಲದೆಂದು ಹೆಂಡತಿಯ ಮೇಲೆ ಸಿಡುಕುವನು. ಪಾಠ ಒಪ್ಪಿಸಲು ಬಂದ ಮಗಳನ್ನು ಆಚೆಗೆ ಅಟ್ಟುವನು. ಕೆಟ್ಟುದು ಒಂದು ಕಡತ, ನೊಂದವರು ಮೂವರು.

ಇಲ್ಲಿ ಯಂತ್ರದ ಅಪರಾಧವೇನು? ಗಣಕಯಂತ್ರವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನು ಮಾತ್ರ ಅರಿಯುವುದು. ಬರೆದ ಪ್ರತಿಯೊಂದು ಅಕ್ಷರವೂ ಅದರ ಉದರದಲ್ಲಿ ಸಂಖ್ಯೆಯಾಗಿಯೇ ನಿಲ್ಲುವುದು. ಹಿಂದೆ ಇಂತಹ ಅಕ್ಷರಗಳ ಒಂದು ಪಟ್ಟಿಯಲ್ಲಿ ಇದ್ದುದು ೨೫೬ ಸ್ಥಾನಗಳು. ಇಂಗ್ಲಿಷಿಗೆ ಮೀಸಲಾದ ಆ ಸ್ಥಾನಗಳಲ್ಲಿಯೇ ಕನ್ನಡದ ಮೂಲಾಕ್ಷರ, ಗುಣಿತ, ಒತ್ತುಗಳ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸಬೇಕಾಗಿತ್ತು. ಆ ಅಕ್ಷರಮಾದರಿ ಇಲ್ಲದ ಯಂತ್ರವು ಅದೇ ಸಂಖ್ಯೆಗಳಿಗೆ ತನಗೆ ತಿಳಿದ ಇಂಗ್ಲಿಷ್ ಅಕ್ಷರಗಳನ್ನು ತೋರಿಸುವುದು. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಆದ ೧೨೮ ಸ್ಥಾನಗಳ ಮನೆ ದೊರೆಯಿತು. ಅಲ್ಲಿ ‘ಅ’ಕಾರದ ಸಂಖ್ಯೆ ೩೨೦೫, ‘ಕ’ಕಾರದ ಸಂಖ್ಯೆ ೩೨೨೧, ಈ ಒಪ್ಪಂದವನ್ನು ಪಾಲಿಸುವ ಯಂತ್ರವು ಬೆಂಗಳೂರಿನಲ್ಲಿರಲಿ, ಲಂಡನ್ನಿನಲ್ಲಿರಲಿ, ಆ ಸಂಖ್ಯೆಯನ್ನು ಅದೇ ಅಕ್ಷರವೆಂದು ತಿಳಿಯುವುದು. ಹೀಗಿರುವಲ್ಲಿ ಗೃಹಸ್ಥನ ವರದಿಯು ನಾಶವಾಗಿರಲಿಲ್ಲ; ಬರೆದ ಯಂತ್ರಕ್ಕೂ ಓದುವ ಯಂತ್ರಕ್ಕೂ ನಡುವೆ ಒಪ್ಪಂದ ತಪ್ಪಿತ್ತು, ಅಷ್ಟೆ. ಹಗೆಯಿಲ್ಲದ ವಸ್ತುವಿನಲ್ಲಿ ಹಗೆಯನ್ನು ಕಂಡುದು ಮನಸ್ಸಿನ ಭ್ರಮೆ.

ಕಿರುಕುಳವನ್ನು ಬಲ್ಲವರು ಹೇಗೆ ಎದುರಿಸಿದರೆಂಬುದಕ್ಕೆ ಗಣಕಯಂತ್ರದ ಚರಿತ್ರೆಯಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ೧೯೪೭ನೆಯ ಇಸವಿ ಸೆಪ್ಟೆಂಬರ್ ೯ರಂದು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ೨ ಎಂಬ ಕೋಣೆಯಗಲದ ಯಂತ್ರದ ಕೆಲಸ ಕೆಟ್ಟಿತು. ಅಲ್ಲಿಯವರು ಹುಡುಕಲಾಗಿ, ರಿಲೇ ಎಂಬ ವಿದ್ಯುತ್ ಕೀಲಿನ ನಡುವೆ ಒಂದು ಪತಂಗವು ಸಿಕ್ಕಿಕೊಂಡು ಸತ್ತಿದ್ದಿತು. ಯಂತ್ರದ ದೋಷವನ್ನು ಹುಳುವೆಂದು ಕರೆಯುವ ರೂಢಿಯು ತಂತ್ರಜ್ಞರಲ್ಲಿ ಮೊದಲಿನಿಂದಲೂ ಇದ್ದಿತು. ಅಂದು ನಿಜವಾದ ಹುಳುವೇ ಸಿಕ್ಕಿತು! ಅವರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ಸಿಕ್ಕಿದ ಹೊತ್ತನ್ನೂ ಬರೆದು, ಒಂದು ವಿನೋದದ ಸಾಲನ್ನು ಸೇರಿಸಿದರು. ಆ ಪುಟವನ್ನು ಆ ದೇಶದ ರಾಷ್ಟ್ರೀಯ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ. ಹುಡುಕುವುದು, ತೆಗೆಯುವುದು, ಮುಂದಿನವರಿಗಾಗಿ ಬರೆದಿಡುವುದು, ನಕ್ಕು ಮುನ್ನಡೆಯುವುದು: ಕಾಯಕದಲ್ಲಿ ತಾಳ್ಮೆಯೆಂದರೆ ಇದೇ. ಸುಮ್ಮನೆ ಹಲ್ಲು ಕಚ್ಚಿ ಕುಳಿತಿರುವುದು ತಾಳ್ಮೆಯಲ್ಲ.

ಶರಣರ ಚರಿತ್ರೆಯನ್ನು ಬಲ್ಲವರಿಗೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತ ತಿಳಿದುದೇ ಆಗಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸುವಂತೆ ಮಾಡಿದಳು. ಈ ವೃತ್ತಾಂತವನ್ನು ಆಸೆಗೆ ಮಾತ್ರ ಅನ್ವಯಿಸಿ ಬಿಡಲಾಗದು. ಕೆಲಸದಿಂದ ಮನೆಗೆ ಬರುವವನು ಕೈಯಲ್ಲಿ ಸಂಬಳವನ್ನು ತರುವಂತೆ ಮನಸ್ಸಿನಲ್ಲಿ ದಿನದ ಸಿಟ್ಟನ್ನೂ ಗಂಟುಕಟ್ಟಿ ತರುವನು. ಅದು ಮನೆಗೆ ಬೇಕಾದ ಧಾನ್ಯವಲ್ಲ. ಅದನ್ನು ಹೊಸ್ತಿಲಿನಾಚೆಯೇ ಸುರಿದು ಬರುವುದು ಗೃಹಸ್ಥನ ಧರ್ಮ. ಮರೆತು ಒಳಗೆ ತಂದರೆ ಲಕ್ಕಮ್ಮನಂತೆ ಎಚ್ಚರಿಸುವುದು ಗೃಹಿಣಿಯ ಅಧಿಕಾರ.

ಗಣಕಯಂತ್ರದಲ್ಲಿ ಮಾಡಿದ ತಪ್ಪನ್ನು ಹಿಂದೆಗೆಯಲು ಒಂದು ಉಪಾಯವುಂಟು. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಳಿಸಿದ ಸಾಲು ಮರಳಿ ಬರುವುದು. ಆದರೆ ಮಗಳಿಗೆ ಆಡಿದ ಬಿರುನುಡಿಯನ್ನು ಹಿಂದೆಗೆಯುವ ಕೀಲಿಯನ್ನು ಯಾವ ಯಂತ್ರದಲ್ಲಿಯೂ ಜೋಡಿಸಿಲ್ಲ. ಕೆಟ್ಟ ಕಡತಕ್ಕೆ ಪರಿಹಾರವಿದ್ದು, ಕೆಟ್ಟ ಮಾತಿಗೆ ಇಲ್ಲದಿರುವಾಗ, ಕಡತಕ್ಕಾಗಿ ಮಾತನ್ನು ಕೆಡಿಸಿಕೊಳ್ಳುವುದು ಎಂತಹ ನಷ್ಟದ ವ್ಯಾಪಾರ!

ಇನ್ನು ಆ ವರದಿಯ ಗತಿ. ಹಳೆಯ ಸಂಖ್ಯೆಗಳನ್ನು ಯೂನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳು ಇಂದು ಸುಲಭವಾಗಿ ದೊರೆಯುವುವು. ಬಲ್ಲವರನ್ನು ಸಮಾಧಾನದಿಂದ ಕೇಳಿದ್ದರೆ ಕೆಲವು ನಿಮಿಷಗಳ ಕೆಲಸ. ಅಲ್ಲೊಂದು ಇಲ್ಲೊಂದು ಒತ್ತಕ್ಷರ ತಪ್ಪಾಗಬಹುದು. ಒಮ್ಮೆ ಓದಿ ತಿದ್ದಿದರಾಯಿತು. ಹೋಯಿತೆಂದು ತಿಳಿದ ಬರಹದ ಮೊದಲ ಕನ್ನಡ ಸಾಲು ತೆರೆಯ ಮೇಲೆ ಮೂಡಿದಾಗ ಆಗುವ ಸಂತೋಷವು ಚಿಕ್ಕದೆಂದು ತಿರಸ್ಕರಿಸತಕ್ಕದ್ದಲ್ಲ. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಉಚ್ಚಾರಣೆಯನ್ನು ಅನುಸರಿಸಿ ಅಕ್ಷರಗಳನ್ನು ಜೋಡಿಸಿರುವುದರಿಂದ, ವೃದ್ಧಳಾದ ಅಜ್ಜಿಯೂ ಮೊಮ್ಮಗಳ ಪಕ್ಕದಲ್ಲಿ ಕುಳಿತು ತನ್ನ ಹೆಸರನ್ನು ತಾನೇ ಮೂಡಿಸಿ ನಗಬಹುದು. ಇಂತಹ ಸಣ್ಣ ಸಂತೋಷಗಳೇ ಸಂಸಾರದ ದೀಪಕ್ಕೆ ಎಣ್ಣೆ.

ತಾನು ತೊಡಕಿನಿಂದ ಪಾರಾದ ದಾರಿಯನ್ನು ಪಕ್ಕದ ಮೇಜಿನವನಿಗೂ ಹೇಳಿಕೊಡುವುದು, ತನ್ನ ಬರಹವನ್ನು ಇತರರು ಓದಬಲ್ಲ ರೂಪದಲ್ಲಿಯೇ ಉಳಿಸುವುದು, ತಿಳಿಯದ ಹುಡುಗನನ್ನು ಗದರಿಸದೆ ತಿದ್ದುವುದು, ಇವೆಲ್ಲವೂ ಅರಿವಿನ ದಾಸೋಹವೇ. ಹಣವಿಲ್ಲದವನೂ ಇದನ್ನು ನಡೆಸಬಹುದು.

ಕಿರುಕುಳವಿಲ್ಲದ ಕಾಯಕವು ಈ ಲೋಕದಲ್ಲಿಲ್ಲ. ಕಾಳಿನೊಡನೆ ಹೊಟ್ಟು ಹುಟ್ಟಿಯೇ ಹುಟ್ಟುವುದು. ಹೊಟ್ಟನ್ನು ಕಣದಲ್ಲಿಯೇ ತೂರಿ, ಕಾಳನ್ನು ಮಾತ್ರ ಮನೆಗೆ ತರುವವನೇ ಜಾಣನಾದ ಒಕ್ಕಲಿಗನು.